ವಾರಕ್ಕೆ ಎರಡೇ ದಿನ ಆಪ್ಟೋಮೆಟ್ರಿ: ಮೊದಲು ಎಲ್ಲಿ ಎಡವುತ್ತೇವೆ?

ಪ್ರಶ್ನೆ: ಒಂದೂವರೆ_ಡಯಾಪ್ಟರ್

ಒಂಬತ್ತು ವರ್ಷ ಫುಲ್ ಟೈಮ್ ಆಪ್ಟೋಮೆಟ್ರಿಸ್ಟ್ ಆಗಿದ್ದೆ, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ಪವರ್ ಬರೆದುಕೊಡುವ ಕೆಲಸ. ಮಗಳು ಹುಟ್ಟಿದ ಮೇಲೆ ಎರಡು ವರ್ಷ ಏಳು ತಿಂಗಳಿಂದ ಯಾರ ಕಣ್ಣಿಗೂ ಬೆಳಕು ಹಾಕಿಲ್ಲ. ಈಗ ಒಂದು ಕಣ್ಣಿನ ಕ್ಲಿನಿಕ್‌ನವರು ಮಂಗಳವಾರ, ಶುಕ್ರವಾರ ಎರಡು ದಿನ ಬನ್ನಿ ಎಂದು ಕರೆದಿದ್ದಾರೆ. ಮಿಕ್ಕ ದಿನಗಳಿಗೆ ಬೇರೊಬ್ಬರಿದ್ದಾರೆ. ನನಗೂ ಸದ್ಯಕ್ಕೆ ಅಷ್ಟೇ ಸಾಕು. ಎರಡು ದಿನ ಮಗಳನ್ನು ನೋಡಿಕೊಳ್ಳುತ್ತೇನೆ ಅಂತ ಅಮ್ಮನೂ ಒಪ್ಪಿದ್ದಾರೆ.

ಹೂಂ ಅನ್ನುವ ಮೊದಲು ಕೈ ಹೇಗಿದೆ ನೋಡೋಣ ಅಂತ ಮೊನ್ನೆ ರಾತ್ರಿ ರೆಟಿನೋಸ್ಕೋಪ್ (ಕಣ್ಣಿಗೆ ಬೆಳಕು ಬಿಟ್ಟು ಪವರ್ ಅಳೆಯುವ ಸಾಧನ) ಹೊರಗೆ ತೆಗೆದೆ. ಗಂಡನನ್ನು ಕೂರಿಸಿ, ಟ್ರಯಲ್ ಫ್ರೇಮ್ (ಲೆನ್ಸ್ ಬದಲಾಯಿಸಬಹುದಾದ ಪರೀಕ್ಷೆಯ ಕನ್ನಡಕ) ಹಾಕಿ, ಕೋಣೆಯ ಆ ತುದಿಯ ಗಡಿಯಾರ ನೋಡ್ತಾ ಇರಿ ಅಂದೆ. ರಿಫ್ಲೆಕ್ಸ್, ಅಂದರೆ ಪಾಪೆಯೊಳಗಿಂದ ವಾಪಸ್ ಬರುವ ಬೆಳಕು, ಚೆನ್ನಾಗಿಯೇ ಕಂಡಿತು. ಪ್ಲಸ್ ಲೆನ್ಸ್ ಸೇರಿಸುತ್ತಾ ಹೋದೆ, ಒಂದು ಹಂತದಲ್ಲಿ ಓಡಾಟ ನಿಂತು ಪಾಪೆ ತುಂಬ ಬೆಳಕು ಒಮ್ಮೆಲೇ ಹರಡಿತು. ಕೈ ಹೋಗಿಲ್ಲ ಅಂತ ಖುಷಿಯಾಗಿ +1.25 ಎಂದು ಬರೆದೆ. ಅವರದು ವರ್ಷಗಟ್ಟಲೆಯಿಂದ −0.25. ವರ್ಕಿಂಗ್ ಡಿಸ್ಟೆನ್ಸ್‌ನ 1.50 (ಕಣ್ಣಿನಿಂದ ನಾನು ಕೂತ ದೂರಕ್ಕೆ ಬರುವ ಪವರ್) ಕಳೆಯುವುದನ್ನೇ ಮರೆತಿದ್ದೆ! ಕಾಲೇಜಿನ ಎರಡನೇ ವಾರದಲ್ಲಿ ಬೈಸಿಕೊಳ್ಳುವ ತಪ್ಪು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅವರು ಮಲಗಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಪಾರ್ಟ್ ಟೈಮ್ ಮಾಡುತ್ತಿರುವವರನ್ನು ಕೇಳುತ್ತಿದ್ದೇನೆ. ವಾರಕ್ಕೆ ಎರಡು ದಿನ ಮುಟ್ಟಿದರೆ ಈ ಕೆಲಸ ಕೈಯಲ್ಲಿ ನಿಲ್ಲುತ್ತದೆಯೇ? ಮೊದಲ ಕೆಲವು ತಿಂಗಳಲ್ಲಿ ನೀವು ಎಲ್ಲಿ ಎಡವಿದಿರಿ? ದಯವಿಟ್ಟು ಧೈರ್ಯ ಹೇಳಬೇಡಿ. ಮನೆಯಲ್ಲಿ ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ತಪ್ಪುಗಳನ್ನು ಹೇಳಿ.

ಉತ್ತರ: ಗಂಟುಹಾಕಿದ_ದಾರ

ಮೇಡಂ, ನಿಮ್ಮ 1.50 ನೋಡಿ ನಗು ಬಂತು, ಯಾಕೆಂದರೆ ನನ್ನದೂ ಅದೇ ಸಂಖ್ಯೆ, ದಾರಿ ಬೇರೆ.

ನಾನು ಸೇರಿದ ಕ್ಲಿನಿಕ್‌ನಲ್ಲಿ ಇನ್ನೊಬ್ಬರಿಗೆ ಫೋರಾಪ್ಟರ್‌ನ (ಗುಂಡಿ ತಿರುಗಿಸಿ ಲೆನ್ಸ್ ಬದಲಿಸುವ ಯಂತ್ರದ) 'ಆರ್' ಲೆನ್ಸ್ ಬಳಸುವ ಅಭ್ಯಾಸ. ಅದು +1.50 ಲೆನ್ಸ್, ಹಾಕಿಕೊಂಡು ರೆಟಿನೋಸ್ಕೋಪಿ ಮಾಡಿದರೆ ಕಳೆಯುವ ತಲೆನೋವಿಲ್ಲ. ನಾನು ಮನಸ್ಸಿನಲ್ಲೇ ಕಳೆಯುವವನು, ಆ ಗುಂಡಿಯನ್ನು ಮುಟ್ಟುವವನೇ ಅಲ್ಲ. ಒಂದು ಬೆಳಿಗ್ಗೆ ತಾನೇ ಪವರ್ ಅಳೆಯುವ ಯಂತ್ರ ಆಟೋರಿಫ್ರಾಕ್ಟರ್ ಕೆಟ್ಟಿತ್ತು, ಪೇಷಂಟ್ ಸಾಲು ಉದ್ದವಿತ್ತು. ಹಳೇ ಕನ್ನಡಕದ ಪವರ್ ಹಾಕಿಕೊಂಡು, ಪೇಷಂಟನ್ನೇ ಕೇಳಿ ಲೆನ್ಸ್ ಆರಿಸುವ ಪರೀಕ್ಷೆಗೆ, ನೇರ ಸಬ್ಜೆಕ್ಟಿವ್‌ಗೆ ಇಳಿದೆ. ಹುಡುಗನಿಗೆ ಮಸುಕು, ಮೈನಸ್ ಏರಿಸುತ್ತಾ ಹೋದೆ. ಒಂದೇ ವರ್ಷಕ್ಕೆ ಒಂದೂವರೆ ಪವರ್ ಏರಿದೆ ಅಂತ ಅವನ ತಾಯಿಗೆ ಮೊಬೈಲ್ ಬಗ್ಗೆ ಸಣ್ಣ ಭಾಷಣವನ್ನೂ ಬಿಗಿದೆ. ಕೊನೆಗೆ ಟ್ರಯಲ್ ಫ್ರೇಮ್‌ಗೆ ಹಾಕಿ ನಡೆಸಿದಾಗ ಹುಡುಗ "ಅಕ್ಷರ ಎಲ್ಲ ಸಣ್ಣ ಆಯ್ತು, ಕಣ್ಣು ಎಳೀತಿದೆ" ಅಂದ. ಆಗ ಗುಂಡಿ ನೋಡಿದೆ. ಹಿಂದಿನ ದಿನದವರು 'ಆರ್' ಹಾಗೇ ಬಿಟ್ಟು ಹೋಗಿದ್ದರು. ತಾಯಿಯ ಮುಂದೆ ಭಾಷಣ ವಾಪಸ್ ತೆಗೆದುಕೊಂಡೆ.

ಹಾಗಾಗಿ ಎರಡು ಮಾತು. ನಿಮ್ಮದಲ್ಲದ ಯಂತ್ರದ ಮುಂದೆ ಕೂತಾಗ ಎಲ್ಲ ಗುಂಡಿಗಳನ್ನೂ ಸೊನ್ನೆಗೆ ತಂದು ಶುರುಮಾಡಿ. ಸಿಲಿಂಡರ್ (ಒಂದು ದಿಕ್ಕಿನ ಮಸುಕು ಸರಿಪಡಿಸುವ ಪವರ್) ಪ್ಲಸ್‌ನಲ್ಲಿ ಬರೆಯುವ ಪದ್ಧತಿಯೋ ಮೈನಸ್‌ನಲ್ಲೋ ಅದನ್ನೂ ಮೊದಲ ದಿನವೇ ಕೇಳಿ. ಎರಡನೆಯದು ನಿಮ್ಮ ದೂರ. ಬಿಟ್ಟು ಹಿಡಿದಾಗ ನಾವು ಗೊತ್ತಿಲ್ಲದೆ ಹತ್ತಿರ ಸರಿಯುತ್ತೇವೆ. 67 ಸೆಂ.ಮೀ.ಗೆ 1.50 ಸರಿ, 50 ಸೆಂ.ಮೀ.ಗೆ ಬಂದಿದ್ದರೆ 2.00 ಕಳೆಯಬೇಕು. ನಾನು ರೆಟಿನೋಸ್ಕೋಪ್ ಹಿಡಿಗೆ ಒಂದು ದಾರ ಕಟ್ಟಿ 67ಕ್ಕೆ ಗಂಟು ಹಾಕಿಟ್ಟಿದ್ದೆ. ಎರಡು ವಾರಕ್ಕೆ ತೋಳಿಗೆ ಲೆಕ್ಕ ಬಂತು, ದಾರ ಬಿಚ್ಚಿದೆ. ಕೈ ಬರುತ್ತದೆ, ಅದರ ಬಗ್ಗೆ ನಿದ್ದೆಗೆಡಬೇಡಿ.

ಉತ್ತರ: ಮಂಗಳವಾರದವನು

ಹನ್ನೊಂದು ವರ್ಷದಿಂದ ಪಾರ್ಟ್ ಟೈಮೇ. ತಂದೆಯವರನ್ನು ನೋಡಿಕೊಳ್ಳಲು ಅಂತ ಶುರುವಾದದ್ದು, ಅವರು ಹೋದ ಮೇಲೂ ಹಾಗೇ ಉಳಿಯಿತು. ಮೇಲಿನವರು ಹೇಳಿದ್ದು ನಿಜ, ಕೈ ಬರುತ್ತದೆ. ಆದರೆ ನನ್ನ ಅನುಭವದಲ್ಲಿ ಪಾರ್ಟ್ ಟೈಮ್‌ನ ನಿಜವಾದ ತೊಂದರೆ ಕೈಯದಲ್ಲ. ನೀವು ಮಾಡಿದ ತಪ್ಪು ನಿಮ್ಮ ಕಣ್ಣಿಗೇ ಬೀಳುವುದಿಲ್ಲ, ಅದು.

ನನ್ನದನ್ನೇ ಹೇಳುತ್ತೇನೆ. ಎರಡನೇ ವರ್ಷ ಇರಬೇಕು. ಅರವತ್ತು ದಾಟಿದ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಅವರ ಹಳೇ ಕನ್ನಡಕದಲ್ಲಿ ಸಿಲಿಂಡರ್ −0.75, ಆಕ್ಸಿಸ್ (ಆ ಪವರ್ ಕೂರುವ ಕೋನ) 20. ನನಗೆ ಸಿಕ್ಕಿದ್ದು −1.75, ಆಕ್ಸಿಸ್ 40. ಅದನ್ನು ಖಚಿತಪಡಿಸುವ ಕ್ರಾಸ್ ಸಿಲಿಂಡರ್ ಲೆನ್ಸ್ ಎರಡೆರಡು ಸಲ ತಿರುಗಿಸಿ ನೋಡಿದೆ, ಸಂದೇಹವೇ ಇಲ್ಲ. ಹಳೇ ಕನ್ನಡಕದಲ್ಲಿ ಚಾರ್ಟಿನ 6/12 ಸಾಲಿಗೇ ತಡವರಿಸುತ್ತಿದ್ದವರು ಹೊಸದರಲ್ಲಿ ಇನ್ನೂ ಸಣ್ಣಕ್ಷರದ 6/6 ಸಾಲನ್ನು ಪಾಠ ಓದಿದ ಹಾಗೆ ಗಟ್ಟಿಯಾಗಿ ಓದಿದರು. ಪೂರ್ತಿ ಪವರ್ ಬರೆದುಕೊಟ್ಟೆ. ಚೀಟಿಯಲ್ಲಿ "6/6, 6/6" ಅಷ್ಟೇ.

ಕನ್ನಡಕ ಕೈಗೆ ಬಂದ ಮೇಲೆ ಅವರು ವಾಪಸ್ ಬಂದರು. ನೆಲ ಒಂದು ಕಡೆ ಇಳಿಜಾರಾಗಿದೆ, ಬಾಗಿಲ ಚೌಕಟ್ಟು ಓರೆಯಾಗಿದೆ, ಮೆಟ್ಟಿಲು ಇಳಿಯಲು ಭಯ ಅಂತ. ಬಂದದ್ದು ಗುರುವಾರ. ನಾನಿರುವುದು ಮಂಗಳವಾರ. ಗುರುವಾರದ ಮೇಡಂ ರೆಕಾರ್ಡ್ ತೆಗೆದರೆ ಅಲ್ಲಿ ಹಳೇ ಪವರ್ ಇಲ್ಲ, ಯಾಕೆ ಬದಲಾಯಿಸಿದೆ ಅಂತ ಇಲ್ಲ, ಹಾಕಿಸಿ ನಡೆಸಿ ನೋಡಿದೆನೋ ಇಲ್ಲವೋ ಅದೂ ಇಲ್ಲ. (ನಡೆಸಿರಲಿಲ್ಲ.) ಪಾಪ, ಅವರು ಮೊದಲಿನಿಂದ ಎಲ್ಲ ಮಾಡಿ, ಸಿಲಿಂಡರ್ ಇಳಿಸಿ, ಲೆನ್ಸ್ ಬದಲಾಯಿಸಿ ಕಳಿಸಿದರು. ನನಗೆ ಹೇಳಲಿಲ್ಲ. ಹೇಳಲು ಭೇಟಿಯಾಗಬೇಕಲ್ಲ!

ಐದು ತಿಂಗಳ ನಂತರ ಅದೇ ಮೇಷ್ಟ್ರ ಹೆಂಡತಿ ಮಂಗಳವಾರ ಬಂದು ಕೂತರು. "ನಮ್ಮವರಿಗೆ ಮಾಡಿದ ಹಾಗೆ ನನಗೂ ನೆಲ ಓರೆ ಮಾಡಬೇಡಿಯಪ್ಪ" ಅಂದರು. ಏನು ವಿಷಯ ಅಂತ ರೆಕಾರ್ಡ್ ತೆಗೆದಾಗಲೇ ನನಗೆ ಗೊತ್ತಾದದ್ದು. ಆ ಸಂಜೆ ಕೂತು ಹಿಂದಿನ ಆರು ತಿಂಗಳಲ್ಲಿ ನಾನು ಸಿಲಿಂಡರ್ ಜಾಸ್ತಿ ಬದಲಾಯಿಸಿದ ರೆಕಾರ್ಡುಗಳನ್ನೆಲ್ಲ ತೆಗೆದು ನೋಡಿದೆ. ಇನ್ನೂ ನಾಲ್ಕು ಮಂದಿ ಬೇರೆ ದಿನ ವಾಪಸ್ ಬಂದಿದ್ದರು. ಅಷ್ಟೂ ತಿಂಗಳು ನನ್ನ ಪೇಷಂಟುಗಳು ದೂರು ಹೇಳುವುದೇ ಇಲ್ಲ ಎಂದು ಹೆಮ್ಮೆಪಟ್ಟುಕೊಂಡು ಓಡಾಡಿದ್ದೆ.

ದಿನಾ ಕೂರುವವನಿಗೆ ಈ ಪಾಠ ತಾನಾಗಿಯೇ ಸಿಗುತ್ತದೆ, ಕನ್ನಡಕ ಹಿಡಿದುಕೊಂಡು ಎದುರಿಗೆ ಬಂದು ನಿಲ್ಲುತ್ತಾರೆ. ನಮಗೆ ಅದನ್ನು ಹುಡುಕಿಕೊಂಡು ಹೋಗಬೇಕು. ಅಂದಿನಿಂದ ಪ್ರತಿ ಮಂಗಳವಾರ ಹತ್ತು ನಿಮಿಷ ಮೊದಲು ಹೋಗಿ, ಹಿಂದಿನ ವಾರ ವಾಪಸ್ ಬಂದವರ ಪಟ್ಟಿ ಕೇಳುತ್ತೇನೆ. ರಿಸೆಪ್ಷನ್‌ನಲ್ಲಿ ಮೊದಮೊದಲು ಮುಖ ಸಿಂಡರಿಸುತ್ತಿದ್ದರು, ಈಗ ನಾನು ಹೋಗುವಷ್ಟರಲ್ಲಿ ಚೀಟಿ ಸಿದ್ಧವಿರುತ್ತದೆ.

ಇನ್ನೊಂದು, ರೆಕಾರ್ಡನ್ನು ನಿಮಗಾಗಿ ಬರೆಯಬೇಡಿ, ಗುರುವಾರದವರಿಗಾಗಿ ಬರೆಯಿರಿ. ಈಗ ಅದೇ ಮೇಷ್ಟ್ರು ಬಂದರೆ ನನ್ನ ಚೀಟಿ ಹೀಗಿರುತ್ತದೆ: "ಬಲಗಣ್ಣು ಹಳೆಯದು −1.75 / −0.75 × 20. ಸಿಕ್ಕಿದ್ದು −2.00 / −1.75 × 40. ಪೂರ್ತಿ ಹಾಕಿ ಕಾರಿಡಾರ್‌ನಲ್ಲಿ ನಡೆಸಿದೆ, ನೆಲ ಓರೆ ಅಂದರು. ಕೊಟ್ಟಿದ್ದು −2.25 / −1.25 × 30, ಇದರಲ್ಲಿ 6/9, ನಡೆಯಲು ಆರಾಮ. ಎರಡು ವಾರ ಹಾಕಿ ನೋಡಿ ಎಂದಿದ್ದೇನೆ. ಒಗ್ಗಿದರೆ ಮುಂದಿನ ಸಲ ಇನ್ನಷ್ಟು ಏರಿಸಬಹುದು." ಸಿಲಿಂಡರ್ 0.50 ಇಳಿಸಿದ್ದಕ್ಕೆ ಸ್ಫಿಯರ್ (ಮೊದಲ ಅಂಕೆ) ಮೈನಸ್ 0.25 ಏರಿದೆ, ಅದು ಬೇರೆ ವಿಷಯ. ನಾನು ಎದುರಿಗಿಲ್ಲದಿದ್ದರೂ ಓದುವವರಿಗೆ ನನ್ನ ತಲೆಯಲ್ಲಿದ್ದದ್ದು ಸಿಗಬೇಕು, ಅಷ್ಟೇ. ಇದಕ್ಕೆ ಹೊತ್ತು ಹಿಡಿಯುತ್ತದೆ. ದಿನದ ಕೊನೆಯ ಅರ್ಧ ಗಂಟೆಗೆ ಪೇಷಂಟ್ ಹಾಕಬೇಡಿ ಅಂತ ಸೇರುವಾಗಲೇ ಒಪ್ಪಂದ ಮಾಡಿಕೊಳ್ಳಿ. ಸೇರಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಮತ್ತೆ ಒಂದು ಭಯದ ವಿಷಯ. "ನಿಮ್ಮ ಪೇಷಂಟ್" ಎನ್ನುವ ಮಾತು ಕೇಳಲು ಹಿತ, ಆದರೆ ಅಪಾಯ. ನಾನು ಮೊದಲು ಹೋಗುತ್ತಿದ್ದ ಇನ್ನೊಂದು ಜಾಗದಲ್ಲಿ, ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಒಬ್ಬ ಹುಡುಗಿ ಶನಿವಾರ ಫೋನ್ ಮಾಡಿ ಕಣ್ಣು ಕೆಂಪಾಗಿದೆ, ನೋವು, ಬೆಳಕು ನೋಡಲಾಗುತ್ತಿಲ್ಲ ಅಂದಿದ್ದಾಳೆ. ಫೋನ್ ಎತ್ತಿದವರು ಒಳ್ಳೆಯ ಮನಸ್ಸಿನಿಂದಲೇ "ನಿಮ್ಮನ್ನು ನೋಡುವ ಸರ್ ಮಂಗಳವಾರ ಬರ್ತಾರೆ, ಆಗಲೇ ಬನ್ನಿ" ಅಂದಿದ್ದಾರೆ. ಪುಣ್ಯಕ್ಕೆ ಅವಳ ಅಣ್ಣ ಕೇಳದೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ದ. ಕಾರ್ನಿಯಾದಲ್ಲಿ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹುಣ್ಣು. ಲೆನ್ಸ್ ಹಾಕುವವರಿಗೆ ಬರುವ ಸೂಡೊಮೋನಾಸ್ ಸೋಂಕು ಒಂದೆರಡು ದಿನದಲ್ಲೇ ಕಾರ್ನಿಯಾ ತಿಂದುಹಾಕಬಲ್ಲದು. ಮಂಗಳವಾರದ ತನಕ ಕಾದಿದ್ದರೆ ಏನಾಗುತ್ತಿತ್ತೋ, ಯೋಚಿಸಲು ಇಷ್ಟವಿಲ್ಲ.

ಅದಾದ ಮೇಲೆ ಫೋನಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದೆ, ಯಾವುದಕ್ಕೆ ನನ್ನನ್ನು ಕಾಯಬಾರದು ಅಂತ. ಲೆನ್ಸ್ ಹಾಕುವವರ ಕೆಂಪು ಕಣ್ಣು. ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪಕ್ಕದಿಂದ ಪರದೆ ಎಳೆದಂತೆ ಕತ್ತಲು. ಹೊಸದಾಗಿ ಒಂದು ಎರಡಾಗಿ ಕಾಣುವುದು, ಅದರ ಜೊತೆ ರೆಪ್ಪೆ ಜೋತುಬಿದ್ದಿದ್ದರೆ ಇನ್ನೂ ಬೇಗ. ದಿಢೀರನೆ ನೋಟ ಹೋಗುವುದು. ನೀವೂ ಮೊದಲ ದಿನವೇ ಅಂಟಿಸಿ.

ಉತ್ತರ: ನಾನೂ_ಒಬ್ಬ_ಗುರುವಾರದವಳು

ಮಂಗಳವಾರದ ಸರ್, ನಿಮ್ಮ ಮೇಡಂ ನಾನಲ್ಲ, ಆದರೆ ನನ್ನ ಕ್ಲಿನಿಕ್‌ನಲ್ಲೂ ನಿಮ್ಮಂಥವರು ಇಬ್ಬರಿದ್ದಾರೆ. ನಾನು ಐದೂ ದಿನ ಕೂರುವವಳು. ಆ ಕಡೆಯ ಮಾತನ್ನೂ ಯಾರಾದರೂ ಹೇಳಬೇಕಲ್ಲ.

ನನಗೆ ಪಾರ್ಟ್ ಟೈಮ್‌ನವರ ಮೇಲೆ ಸಿಟ್ಟು ಬರುವುದು ತಪ್ಪು ಪವರ್‌ಗಲ್ಲ. ಪವರ್ ಯಾರದೂ ತಪ್ಪುತ್ತದೆ. "1 ತಿಂಗಳ ನಂತರ ರಿವ್ಯೂ" ಅಂತ ಬರೆದು ಯಾತಕ್ಕೆ ಅಂತ ಬರೆಯದೆ ಹೋಗುತ್ತಾರಲ್ಲ, ಅದಕ್ಕೆ. ಪೇಷಂಟ್ ಬಂದು ಕೂರುತ್ತಾರೆ. "ಯಾಕೆ ಬರೋಕೆ ಹೇಳಿದ್ರು?" ಅಂದರೆ "ನಿಮಗೇ ಗೊತ್ತಿರಬೇಕಲ್ಲ" ಅಂತಾರೆ.

ಒಂದು ಸಲ ಹೀಗೇ ಆಯಿತು. ಡಯಾಬಿಟಿಸ್ ಇದೆ ಎಂದು ಹೊಸದಾಗಿ ತಿಳಿದು ಮಾತ್ರೆ ಶುರುಮಾಡಿದ್ದ ಒಬ್ಬರು. ಸಕ್ಕರೆ ಏರಿದ್ದಾಗ ಅವರಿಗೆ ಮೈನಸ್ ಬಂದಿತ್ತು, ಇಳಿಯುತ್ತಿದ್ದಂತೆ ಪ್ಲಸ್ ಕಡೆಗೆ ಜಾರುತ್ತಿತ್ತು. ಸಕ್ಕರೆ ನೆಲೆಗೊಳ್ಳುವ ತನಕ ಕನ್ನಡಕ ಬೇಡ, ಕೆಲವು ವಾರ ಬಿಟ್ಟು ಬನ್ನಿ ಅಂತ ನಮ್ಮ ಶುಕ್ರವಾರದವರು ಸರಿಯಾಗಿಯೇ ಹೇಳಿ ಕಳಿಸಿದ್ದಾರೆ. ಬಾಯಲ್ಲಿ ಹೇಳಿದ್ದು, ಬರೆದಿಲ್ಲ. ಅವರು ಹತ್ತೇ ದಿನಕ್ಕೆ ಸೋಮವಾರ ಬಂದು ಓದಲು ಆಗ್ತಿಲ್ಲ ಅಂದರು, ಡಯಾಬಿಟಿಸ್ ವಿಷಯ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಸೀದಾ ಕನ್ನಡಕ ಕೊಟ್ಟೆ. ಮೂರು ವಾರಕ್ಕೆ ಅದು ಯಾವ ದೂರಕ್ಕೂ ಬಾರದ ಕನ್ನಡಕವಾಯಿತು. ಕೇಳದೆ ಇದ್ದದ್ದು ನನ್ನದೇ ತಪ್ಪು. ಆದರೆ ಒಂದು ಸಾಲು ಬರೆದಿದ್ದರೆ ಇಬ್ಬರೂ ಉಳಿದುಕೊಳ್ಳುತ್ತಿದ್ದೆವು.

ಇನ್ನೊಂದು ಸಣ್ಣ ವಿಷಯ. ನಿಮ್ಮ ಮುಂದೆ ಕೂತ ಪೇಷಂಟ್ "ಆ ಮೇಡಂ ಬೇರೆ ಹೇಳಿದ್ರು" ಅಂದಾಗ ಮುಖದಲ್ಲಿ ಏನೂ ತೋರಿಸಬೇಡಿ. ಹುಬ್ಬು ಏರಿಸಿದರೂ ಸಾಕು, ಆ ಸುದ್ದಿ ಗುರುವಾರದೊಳಗೆ ನನಗೆ ಮುಟ್ಟಿರುತ್ತದೆ. ನಾನೂ ನಿಮ್ಮ ಬೆನ್ನ ಹಿಂದೆ ಹಾಗೇ ಇರುತ್ತೇನೆ.

ಉತ್ತರ: ಅರ್ಧದಿನ

ನನಗೆ ಎರಡು ಪೂರ್ತಿ ದಿನ ಅನ್ನುವುದೇ ಒಪ್ಪಿಗೆಯಿಲ್ಲ. ಸಾಧ್ಯವಿದ್ದರೆ ನಾಲ್ಕು ಅರ್ಧ ದಿನ ಕೇಳಿ. ನಾನು ಎರಡನ್ನೂ ಮಾಡಿದ್ದೇನೆ. ಪೂರ್ತಿ ದಿನದಲ್ಲಿ ಸಂಜೆ ಐದರ ಹೊತ್ತಿಗೆ "ಇದು ಸ್ಪಷ್ಟವೋ, ಅದು ಸ್ಪಷ್ಟವೋ" ಅಂತ ಕೇಳುವ ನನಗೇ ಉತ್ತರ ಬೇಡವಾಗಿರುತ್ತಿತ್ತು. ನಾಲ್ಕು ದಿನ ಮುಖ ತೋರಿಸಿದರೆ ವಾಪಸ್ ಬಂದವರೂ ನಿಮಗೇ ಸಿಗುತ್ತಾರೆ, ಮೇಲಿನ ಅರ್ಧ ಕಥೆಗಳು ನಡೆಯುವುದೇ ಇಲ್ಲ.

ತೊಂದರೆ ಇಲ್ಲವೆಂದಲ್ಲ. ಮಕ್ಕಳಿಗೆ ಪಾಪೆ ಹಿಗ್ಗಿಸಿ ಫೋಕಸ್ ಸಡಿಲಿಸುವ ಸೈಕ್ಲೋಪೆಂಟೋಲೇಟ್ ಹನಿ ಹಾಕಿ ಮುಕ್ಕಾಲು ಗಂಟೆ ಕಾಯಬೇಕು, ಅಳು ಸಮಾಧಾನದ ಹೊತ್ತು ಬೇರೆ. ಹಾಗಾಗಿ ಮಕ್ಕಳನ್ನು ಮೊದಲ ಸಾಲಿನಲ್ಲೇ ಹಾಕಿಸಿಕೊಳ್ಳಿ, ಕೊನೆಗೆ ಬಂದರೆ ನಿಮ್ಮ ಅರ್ಧ ದಿನ ಮುಕ್ಕಾಲಾಗುತ್ತದೆ. ಗ್ಲಾಕೋಮಾ ಅನುಮಾನದವರನ್ನು ನಾನು ಬೆಳಿಗ್ಗೆಯೇ ನೋಡುವುದರಿಂದ ನನಗೆ ಸಿಗುವುದು ಬರೀ ಬೆಳಗಿನ ಕಣ್ಣಿನ ಪ್ರೆಶರ್. ದಿನದೊಳಗೇ ಅದು ನಾಲ್ಕೈದು ಅಂಕ ಏರಿಳಿಯುವುದು ಸಾಮಾನ್ಯ. ಮಧ್ಯಾಹ್ನದವರು 16 ಬರೆದಲ್ಲಿ ನಾನು 21 ಬರೆದರೆ ಏರಿತು ಅಂತ ಗಾಬರಿಯಾಗುವಂತಿಲ್ಲ. ಅದಕ್ಕೇ ಅಂಕೆಯ ಪಕ್ಕದಲ್ಲಿ ಗಂಟೆ, ಯಾವ ಯಂತ್ರ ಎರಡನ್ನೂ ಬರೆಯುತ್ತೇನೆ.

ಇನ್ನು ದುಡ್ಡಿನ ಲೆಕ್ಕ ಹಾಕುವಾಗ ಒಂದು ನೆನಪಿರಲಿ: ಕೆಲಸ ಅರ್ಧವಾದರೂ ಓದುವುದು ಅರ್ಧವಾಗುವುದಿಲ್ಲ. ವಿಮೆಯೂ ಅಷ್ಟೆ.

ಒಂದೂವರೆ_ಡಯಾಪ್ಟರ್ (ಪ್ರಶ್ನೆ ಕೇಳಿದವಳು)

ಎಲ್ಲರಿಗೂ ನಮಸ್ಕಾರ, ಉತ್ತರ ತಡವಾಯಿತು. ಮಗಳಿಗೆ ನೆಗಡಿ.

ನಾಲ್ಕು ಅರ್ಧ ದಿನ ಕೇಳಿ ನೋಡಿದೆ, ಕೋಣೆ ಒಂದೇ ಇರುವುದರಿಂದ ಆಗುವುದಿಲ್ಲ ಅಂದರು. ಕೊನೆಯ ಅರ್ಧ ಗಂಟೆ ಕೇಳಿದೆ, ಇಪ್ಪತ್ತು ನಿಮಿಷ ಸಿಕ್ಕಿತು. ವಾಪಸ್ ಬಂದವರ ಪಟ್ಟಿ ಬೇಕು ಅಂದಾಗ ಮ್ಯಾನೇಜರ್ "ಇದುವರೆಗೆ ಯಾರೂ ಕೇಳಿಲ್ಲ ಮೇಡಂ" ಅಂತ ನನ್ನನ್ನೇ ಅನುಮಾನದಿಂದ ನೋಡಿದರು.

ಸೇರುವ ಮೊದಲು ಒಂದು ದಿನ ಸುಮ್ಮನೆ ಕೂತು ನೋಡುತ್ತೇನೆ ಅಂತ ಕಳೆದ ಬುಧವಾರ ಹೋಗಿದ್ದೆ. ಮಿಕ್ಕ ದಿನ ಕೂರುವವರು ನನಗಿಂತ ಆರೇಳು ವರ್ಷ ಚಿಕ್ಕ ಹುಡುಗಿ, ಬಹಳ ಚುರುಕು. ಸಿಲಿಂಡರ್ ಇಬ್ಬರದೂ ಮೈನಸ್, ಅದೊಂದು ನೆಮ್ಮದಿ. ಆದರೆ ಅವಳು 'ಆರ್' ಲೆನ್ಸಿನವಳು! ಫೋರಾಪ್ಟರ್ ಮೇಲೆ ಸಣ್ಣ ಹಳದಿ ಸ್ಟಿಕರ್ ಹಚ್ಚಿ ಬಂದಿದ್ದೇವೆ, ಏಳುವ ಮೊದಲು ಸೊನ್ನೆ ಅಂತ.

ಅವಳ ಹತ್ತಿರ ಐದು ವರ್ಷದ ಹುಡುಗನೊಬ್ಬ ಬರುತ್ತಾನೆ. ಎಡಗಣ್ಣು ಸೋಮಾರಿ ಕಣ್ಣು, ಅದಕ್ಕೆ ಕೆಲಸ ಕೊಡಲು ಬಲಗಣ್ಣಿಗೆ ದಿನಕ್ಕೆ ಎರಡು ಗಂಟೆ ಪ್ಯಾಚ್ ಹಾಕುತ್ತಾರೆ. ಅವನ ಶಾಲೆಗೆ ಅನುಕೂಲವಾಗುವುದು ಶುಕ್ರವಾರವಂತೆ, ಹಾಗಾಗಿ ಅವನು ಇನ್ನು ಮುಂದೆ ನನಗೆ. ಅವನ ರೆಕಾರ್ಡ್ ಓದಿ ನೋಡಿದೆ. ಯಾವ ಚಾರ್ಟ್, ಸಾಲಿನಲ್ಲಿ ತೋರಿಸಿದ್ದೋ ಒಂಟಿ ಅಕ್ಷರವೋ, ಎಷ್ಟು ದಿನ ಪ್ಯಾಚ್ ತಪ್ಪಿಸಿದ, ತಾಯಿ ಏನಂದರು, ಎಲ್ಲ ಇತ್ತು. ಕೊನೆಯ ಸಾಲು: "ಪ್ಯಾಚ್ ಮೇಲೆ ಹುಲಿ ಬರೆದುಕೊಟ್ಟರೆ ಹಾಕಿಕೊಳ್ಳುತ್ತಾನೆ, ಬೆಕ್ಕು ಬರೆದರೆ ಕಿತ್ತು ಹಾಕುತ್ತಾನೆ."

ದಾರ ಕಟ್ಟಿದ್ದೇನೆ. ನಿನ್ನೆ ರಾತ್ರಿ ಗಂಡನ ಕಣ್ಣು ಮೂರು ಸಲ ನೋಡಿದೆ. −0.25, −0.25, ಮೂರನೇ ಸಲ −1.75. ಅಷ್ಟು ಹೊತ್ತಿಗೆ ಅವರು ಗಡಿಯಾರ ಬಿಟ್ಟು ಮೊಬೈಲ್ ನೋಡುತ್ತಿದ್ದರು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬರುವ ಮಂಗಳವಾರ ಶುರು. ಅಷ್ಟರೊಳಗೆ ಹುಲಿ ಬರೆಯುವುದನ್ನು ಕಲಿಯಬೇಕು, ನಾನು ಬರೆದದ್ದನ್ನು ಮಗಳು ನಾಯಿ ಅನ್ನುತ್ತಿದ್ದಾಳೆ.